ಥಯಾಮಿನ್ ಕಡಿಯುವ ಕಿಣ್ವ ಮತ್ತು ಕರುವಿನ ಕುರುಡು

ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳ ಕಣದಲ್ಲಿ ಒಣಗುವ ಕಾಲದಲ್ಲಿ ಹಗ್ಗ ಕಿತ್ತುಕೊಂಡ ಕರು ರಾಶಿಗೆ ಬಾಯಿ ಹಾಕುವುದು ಹೊಸದೇನಲ್ಲ. ಹೊಟ್ಟೆ ಉಬ್ಬರಿಸಿತೇ, ಭೇದಿಯಾಯಿತೇ ಎಂದು ತಾವು ನೋಡುತ್ತೀರಿ. ಅದು ಸರಿ. ಆದರೆ ಕೆಲವು ಸಲ ಪೆಟ್ಟು ಬೀಳುವುದು ಮಿದುಳಿಗೆ.

ಥಯಾಮಿನ್ ಎಂದರೆ ಬಿ-1 ಜೀವಸತ್ವ. ಜೀವಕೋಶಗಳಲ್ಲಿ ಸಕ್ಕರೆಯಿಂದ ಶಕ್ತಿ ಹೊರಡಿಸುವ ಕಿಣ್ವಗಳು ಇದರ ನೆರವಿಲ್ಲದೆ ಕೆಲಸ ಮಾಡಲಾರವು. ಮಿದುಳು ಮುಖ್ಯವಾಗಿ ಸಕ್ಕರೆಯನ್ನೇ ನಂಬಿರುವುದರಿಂದ ಅದಕ್ಕೆ ಮೊದಲು ಕಷ್ಟ. ಮೆಲುಕು ಹಾಕುವ ಪ್ರಾಣಿಗೆ ಈ ಜೀವಸತ್ವವನ್ನು ಸಾಮಾನ್ಯವಾಗಿ ಮೇವಿನಲ್ಲಿ ಕೊಡಬೇಕಾಗಿಲ್ಲ. ಹೊಟ್ಟೆಯ ಮೊದಲ ಚೀಲದ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಎಳೆಗರುವಿಗೆ ಮಾತ್ರ ಈ ಚೀಲ ಬಲಿಯುವತನಕ ಹಾಲೇ ಆಧಾರ.

ಹುಲ್ಲು ಕಡಿಮೆಯಾಗಿ ಕಾಳು ಒಮ್ಮೆಲೇ ಹೆಚ್ಚಿದರೆ ಚೀಲದಲ್ಲಿ ಹುಳಿ ಏರುತ್ತದೆ. ಆಗ ಕೆಲವು ಬೇರೆ ಸೂಕ್ಷ್ಮಜೀವಿಗಳು ತಲೆಯೆತ್ತಿ ಥಯಾಮಿನೇಸ್ ಎಂಬ ಕಿಣ್ವವನ್ನು ಬಿಡುತ್ತವೆ. ಅದು ಥಯಾಮಿನನ್ನು ಎರಡು ತುಂಡು ಮಾಡುತ್ತದೆ. ಅಷ್ಟಕ್ಕೇ ನಿಲ್ಲದೆ, ಒಂದು ತುಂಡಿಗೆ ಬೇರೊಂದು ವಸ್ತುವನ್ನು ಅಂಟಿಸಿ, ಜೀವಸತ್ವದಂತೆ ತೋರುವ ಆದರೆ ಕೆಲಸಕ್ಕೆ ಬಾರದ ಪದಾರ್ಥವನ್ನೂ ಮಾಡಬಲ್ಲದು. ಕಾಡಂಚಿನ ಕೆಲವು ಜರೀಗಿಡಗಳಲ್ಲೂ ಈ ಕಿಣ್ವವಿದೆ. ಕುದುರೆಗೆ ಅವು ಹೆಚ್ಚು ಅಪಾಯ.

ರೋಗ ಹೆಚ್ಚಾಗಿ ಬೆಳೆಯುವ ಕರುಗಳಲ್ಲಿ ಕಾಣುತ್ತದೆ. ಕಣ್ಣು ತಿಳಿಯಾಗಿರುತ್ತದೆ, ಆದರೂ ಕರು ಗೂಟಕ್ಕೆ ಹಾಯುತ್ತದೆ. ಹಿಂಡಿನಿಂದ ದೂರ ನಿಂತು ತಲೆಯನ್ನು ಗೋಡೆಗೆ ಒತ್ತುವುದು, ಆಕಾಶ ನೋಡುವಂತೆ ಕತ್ತು ಹಿಂದಕ್ಕೆ ಸೆಟೆಯುವುದು, ಕೊನೆಗೆ ಬಿದ್ದು ಕಾಲು ಬಡಿಯುವುದು. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತ ಕೂತರೆ ಹೊತ್ತು ಮೀರುತ್ತದೆ. ಪಶುವೈದ್ಯರು ಥಯಾಮಿನ್ ಚುಚ್ಚುಮದ್ದು ಕೊಡುತ್ತಾರೆ. ಬೇಗ ಕೊಟ್ಟರೆ ಒಂದೆರಡು ದಿನಗಳಲ್ಲಿ ಚೇತರಿಕೆ ಕಾಣಬಹುದು. ಮಿದುಳಿನ ಕೋಶಗಳು ಸತ್ತ ಮೇಲೆ ಕೊಟ್ಟ ಮದ್ದು ಹೆಚ್ಚು ಫಲ ಕೊಡದು.

ಒಂದು ಎಚ್ಚರಿಕೆ: ಹುಚ್ಚುನಾಯಿ ರೋಗದಲ್ಲೂ ಇಂಥ ಲಕ್ಷಣಗಳಿರಬಹುದು. ವೈದ್ಯರು ಬರುವ ತನಕ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ, ಜೊಲ್ಲು ಮುಟ್ಟಬೇಡಿ.

ರಾಶಿಗೆ ಬೇಲಿ ಕಟ್ಟಿರಿ. ಕಾಳಿನ ನುಚ್ಚು ತಿನ್ನಿಸುವುದಾದರೆ ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ, ಅದಕ್ಕೆ ಮೊದಲು ಒಣಹುಲ್ಲನ್ನು ಹಾಕಿರಿ. ಕರು ಕಾಳು ಕದ್ದು ತಿಂದದ್ದು ಗೊತ್ತಾದರೆ, ಎಷ್ಟು ಹೊತ್ತಿಗೆ, ಸುಮಾರು ಎಷ್ಟು ತಿಂದಿತೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿರಿ.