ಏಜೆಂಟರಿಗೆ ಕೂಲಿ ಕೊಡಿ, ಟಿಕೆಟ್ ನಿಮ್ಮ ಹೆಸರಲ್ಲೇ ಇರಲಿ

ಮುಂಬೈ–ಗೋವಾ ಹಡಗಿನ ಯಾನಕ್ಕೆ ನಮ್ಮ ಮನೆಯಿಂದ ಹೋದ ಹಣ 2,43,600 ರೂಪಾಯಿ. ಸುಳ್ಳ ಊರಿನ ಕಾಕಾ, ಕಾಕು, ನಾನು, ನನ್ನ ಹೆಂಡತಿ ಹೀಗೆ ನಾಲ್ಕು ಜನ. ಎರಡು ಕ್ಯಾಬಿನ್, ಹಡಗಿನಲ್ಲಿ ಎರಡು ರಾತ್ರಿ. ಹುಬ್ಬಳ್ಳಿಯ ಟ್ರಾವೆಲ್ ಏಜೆಂಟರೊಬ್ಬರು ‘ಎಲ್ಲಾ ಸೇರಿ’ ಎಂದು ಮಾಡಿಕೊಟ್ಟ ಪ್ಯಾಕೇಜು ಅದು. ಅದೇ ಹಡಗು, ಅದೇ ವಿಮಾನ, ಅದೇ ದರ್ಜೆಯ ಹೋಟೆಲನ್ನು ನೇರವಾಗಿ ಬುಕ್ ಮಾಡಿದ್ದರೆ 62,520 ರೂಪಾಯಿ ಉಳಿಯುತ್ತಿತ್ತು. ಕಡಲೆಗೆ 2025-26ರ ಹಿಂಗಾರು ಮಾರಾಟ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ನೋಡಿದರೆ ಹನ್ನೊಂದು ಕ್ವಿಂಟಲ್ ಕಡಲೆ ಮಾರಿ ಬರುವ ಹಣ. ಸುಳ್ಳದ ಎರಿ ಹೊಲದಲ್ಲಿ ಹನ್ನೊಂದು ಕ್ವಿಂಟಲ್ ಬೆಳೆಯುವುದೆಂದರೆ ಏನೆಂದು ಕಾಕಾನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾಕು ಸಮುದ್ರ ನೋಡಿದ್ದು ಗೋಕರ್ಣದಲ್ಲಿ, ಅದೂ ದಂಡೆಯ ಮೇಲೆ ನಿಂತು. ನೀರಿನ ಮೇಲೆ ಹೋಗಬೇಕೆಂಬುದು ಅವರ ಬಹಳ ದಿನದ ಆಸೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಹಡಗು ಮುಂಬೈಯಿಂದ ಯಾನ ಶುರು ಮಾಡಿ, ರೈಲು ಟಿಕೆಟ್ ಕೊಡುವ ಐಆರ್‌ಸಿಟಿಸಿಯೂ ಅದರ ಟಿಕೆಟ್ ಮಾರತೊಡಗಿದ ಮೇಲೆ ಇಂಥ ಆಸೆ ನಮ್ಮಂಥವರ ಕೈಗೂ ಎಟುಕುವಂತಾಯಿತು. ಈಗ ಹುಬ್ಬಳ್ಳಿಯ ಟ್ರಾವೆಲ್ ಅಂಗಡಿಗಳ ಬೋರ್ಡಿನಲ್ಲಿ ಚಾರ್‌ಧಾಮ್, ದುಬೈ ಜೊತೆಗೆ ಕ್ರೂಸ್ ಕೂಡ ಇರುತ್ತದೆ. ಕಾಕಾ ಅಂಥ ಒಂದು ಅಂಗಡಿಯಲ್ಲಿ ಅಡ್ವಾನ್ಸ್ ಕೊಟ್ಟೇ ನನಗೆ ಫೋನ್ ಮಾಡಿದರು. "ಮನಿಷ್ಯಾ ಪರಿಚಯದಾಂವ ಅದಾನ. ಎಲ್ಲಾ ಅವನ ನೋಡ್ಕೊಂತಾನ. ನಮಗ್ಯಾಕ ಬೇಕೋ ತಮ್ಮಾ ತಲಿಬ್ಯಾನಿ?" ಅಂದರು. ಹಿರಿಯರು ಮಾತು ಕೊಟ್ಟು ಬಂದಾಗಿತ್ತು. ನಾನು ಹಡಗು ಕಂಪನಿಯ ಜಾಲತಾಣಕ್ಕೆ ಹೋಗಿ, ಅದೇ ದಿನಾಂಕಕ್ಕೆ, ಅದೇ ದರ್ಜೆಯ ಕ್ಯಾಬಿನ್ನಿಗೆ ಎಷ್ಟಾಗುತ್ತದೆಂದು ತೆಗೆದು ಇಟ್ಟುಕೊಂಡೆ. ಈ ಲೆಕ್ಕ ಅಲ್ಲಿಂದ ಬಂದದ್ದು.

ನಿಧಾನವಾಗಿ ನೋಡೋಣ. ಕಿಟಕಿ ಇರುವ ಕ್ಯಾಬಿನ್ನಿಗೆ ತಲೆಗೆ 24,000. ನಾಲ್ವರಿಗೆ 96,000. ಬಂದರು ಶುಲ್ಕ, ಸೇವಾ ಶುಲ್ಕ ಎಂದು ತಲೆಗೆ 2,500, ನಾಲ್ವರಿಗೆ 10,000. ಎರಡೂ ಸೇರಿ 1,06,000. ಇದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 19,080. ಹಡಗಿನ ಖರ್ಚು ಇಲ್ಲಿಗೆ 1,25,080. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು 24,000 ಮಾತ್ರ. ಕೈಯಿಂದ ಹೋಗುವುದು ತಲೆಗೆ 31,270. ನೇರ ಬುಕ್ ಮಾಡುವವರೂ ಈ ಏರಿಕೆಯನ್ನು ಮೊದಲೇ ಗಮನದಲ್ಲಿಟ್ಟುಕೊಳ್ಳಬೇಕು.

ಇನ್ನು ಮುಂಬೈಗೆ ಹೋಗಿಬರುವುದು. ಹುಬ್ಬಳ್ಳಿಯಿಂದ ವಿಮಾನ, ಹೋಗಿಬರಲು ತಲೆಗೆ 10,000, ನಾಲ್ವರಿಗೆ 40,000. ಹಡಗು ಹತ್ತುವ ಮುನ್ನಾ ರಾತ್ರಿ ಉಳಿಯಲು ಎರಡು ರೂಮು, 10,000. ಟ್ಯಾಕ್ಸಿ ಎಲ್ಲಾ ಸೇರಿ 6,000. ಒಟ್ಟು 1,81,080.

ಏಜೆಂಟರ ಕೊಟೇಶನ್ನಿನಲ್ಲಿ ಇದ್ದದ್ದು ಎರಡೇ ಸಾಲು. ತಲೆಗೆ 58,000ದಂತೆ 2,32,000. ಅದರ ಮೇಲೆ ಟೂರ್ ಪ್ಯಾಕೇಜಿನ ಶೇ 5 ಜಿಎಸ್‌ಟಿ, 11,600. ಹೀಗೆ 2,43,600. ವ್ಯತ್ಯಾಸದ 62,520ರಲ್ಲಿ ತೆರಿಗೆ ಕಳೆದರೆ ಏಜೆಂಟರಿಗೆ ಉಳಿದದ್ದು 50,920, ಅಂದರೆ ತಲೆಗೆ 12,730. ನಿಜವಾದ ಖರ್ಚಿನ ಮೇಲೆ ಶೇ 28.

ತೆರಿಗೆಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಶೇ 5 ಬೀಳುವುದು ಏಜೆಂಟರ ಲಾಭದ ಮೇಲಷ್ಟೇ ಅಲ್ಲ, ಪ್ಯಾಕೇಜಿನ ಪೂರ್ತಿ ಮೊತ್ತದ ಮೇಲೆ. ಹಡಗಿನ ಟಿಕೆಟ್ಟಿನಲ್ಲಿ ಶೇ 18 ಆಗಲೇ ಕಟ್ಟಿಯಾಗಿದೆ. ಆ 1,25,080 ಪ್ಯಾಕೇಜಿನೊಳಗೆ ಸೇರಿದ ಕೂಡಲೇ ಅದರ ಮೇಲೆ ಇನ್ನೊಂದು 6,254 ಹತ್ತಿತು. ವಿಮಾನದ ಟಿಕೆಟ್ಟು, ಹೋಟೆಲಿನ ಬಿಲ್ಲಿಗೂ ಇದೇ ಗತಿ. ತೆರಿಗೆ ಸರ್ಕಾರದ್ದು, ಏಜೆಂಟರ ತಪ್ಪೇನಿಲ್ಲ. ಆದರೆ ಬಿಡಿಬಿಡಿಯಾಗಿ ಕೊಂಡರೆ ಕಟ್ಟಬೇಕಿಲ್ಲದ ತೆರಿಗೆಯನ್ನು ಒಂದೇ ಪ್ಯಾಕೇಜಾಗಿ ಕೊಂಡದ್ದಕ್ಕಾಗಿ ಕಟ್ಟಿದೆವು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹಡಗು ಕಂಪನಿಗಳು ಏಜೆಂಟರಿಗೆ ತಾವೇ ಕಮಿಷನ್ ಕೊಡುತ್ತವೆ. ಬಂದರು ಶುಲ್ಕ, ತೆರಿಗೆಯ ಮೇಲೆ ಕೊಡುವುದಿಲ್ಲ, ಕ್ಯಾಬಿನ್ ದರದ ಮೇಲೆ ಕೊಡುತ್ತವೆ. ಆ ಕಮಿಷನ್ ನಾವು ಕೊಡುವ ದರದಲ್ಲೇ ಅಡಗಿರುತ್ತದೆ. ನಾವು ನೇರವಾಗಿ ಹೋದರೂ ಕಂಪನಿ ಅದನ್ನು ಕಳೆದು ಕೊಡುವುದು ಅಪರೂಪ. ಹಾಗಾಗಿ ಬರೀ ಹಡಗಿನ ಟಿಕೆಟ್ಟನ್ನು ಏಜೆಂಟರಿಂದ ಕೊಂಡರೂ ನೇರ ಕೊಂಡರೂ ಸಾಮಾನ್ಯವಾಗಿ ದರ ಒಂದೇ. ನಮ್ಮ ಪ್ರಕರಣದಲ್ಲಿ ಶೇ 10 ಎಂದು ಹಿಡಿದರೂ ಏಜೆಂಟರಿಗೆ ಕಂಪನಿಯಿಂದಲೇ 9,600 ಬಂದಿರುತ್ತದೆ. ಅವರ ದುಡಿಮೆಗೆ ಅದು ನ್ಯಾಯವಾದ ಕೂಲಿ. ಅದರ ಮೇಲೆ ಮತ್ತೆ ಐವತ್ತು ಸಾವಿರ ಯಾಕೆ ಎಂಬುದೇ ಪ್ರಶ್ನೆ. ತಕರಾರು ಏಜೆಂಟರ ಬಗ್ಗೆ ಅಲ್ಲ, ಪ್ಯಾಕೇಜಿನ ಬಗ್ಗೆ.

ಅಮರಗೋಳದ ಎಪಿಎಂಸಿಗೆ ಹೆಸರು, ಕಡಲೆ ಹಾಕಿ ಬಂದ ಕಾಕಾ ದಲಾಲಿ ಅಂಗಡಿಯ ಪಟ್ಟಿಯನ್ನು ಮನೆಗೆ ತಂದು ಬೆಳಕಿಗೆ ಹಿಡಿದು ಓದುತ್ತಾರೆ. ತೂಕ ಎಷ್ಟು, ಹಮಾಲಿ ಎಷ್ಟು, ಚೀಲಕ್ಕೆ ಎಷ್ಟು ಹಿಡಿದರು ಎಂದು ಸಾಲುಸಾಲಾಗಿ ಬೆರಳಿಟ್ಟು ನೋಡುತ್ತಾರೆ. ಇಪ್ಪತ್ತು ರೂಪಾಯಿ ಹೆಚ್ಚು ಹಿಡಿದಿದ್ದರೆ ಮರುದಿನ ಅದಕ್ಕಾಗಿಯೇ ಹುಬ್ಬಳ್ಳಿಗೆ ಹೋಗುತ್ತಾರೆ. ಅಂಥವರು ಎರಡೂವರೆ ಲಕ್ಷದ ಹತ್ತಿರದ ವ್ಯವಹಾರಕ್ಕೆ ಎರಡು ಸಾಲಿನ ಚೀಟಿ ಸಾಕು ಅಂದರು. ಟ್ರಾವೆಲ್ ಅಂಗಡಿಯಿಂದಲೂ ನಾವು ಕೇಳಬೇಕಾದ್ದು ಅಂಥದೇ ಒಂದು ಪಟ್ಟಿ. ಹಡಗಿಗೆ ಇಷ್ಟು, ವಿಮಾನಕ್ಕೆ ಇಷ್ಟು, ಹೋಟೆಲಿಗೆ ಇಷ್ಟು, ನನ್ನ ಓಡಾಟಕ್ಕೆ ಇಷ್ಟು ಎಂದು. ತಲೆಗೆ 1,500 ಓಡಾಟದ ಕೂಲಿ ಎಂದು ಕೇಳಿದ್ದರೆ 6,000, ಅದರ ಮೇಲೆ ಶೇ 18ರಂತೆ 1,080. ಒಟ್ಟು 1,88,160ಕ್ಕೆ ಎಲ್ಲಾ ಮುಗಿಯುತ್ತಿತ್ತು. ನಾನು ಸಂತೋಷದಿಂದ ಕೊಡುತ್ತಿದ್ದೆ.

ಹಣದ ಮಾತು ಇಷ್ಟಾಯಿತು. ಟಿಕೆಟ್ ಯಾರ ಹೆಸರಿನಲ್ಲಿದೆ ಎಂಬುದು ಗೊತ್ತಾಗುವುದು ಏನಾದರೂ ಎಡವಟ್ಟಾದಾಗ. ಹೊರಡಲು ಮೂರು ವಾರ ಇದ್ದಾಗ ಕಾಕು ಹಿತ್ತಲಲ್ಲಿ ಕಾಲು ಜಾರಿ ಬಿದ್ದರು. ಪಾದದ ಗಂಟು ಉಳುಕಿ ಪಟ್ಟಿ ಕಟ್ಟಿದರು. ಯಾನವನ್ನು ಮುಂದಿನ ತಿಂಗಳಿಗೆ ಹಾಕೋಣವೆಂದು ನಾನು ಹಡಗು ಕಂಪನಿಗೆ ಫೋನ್ ಮಾಡಿದೆ. ಬುಕಿಂಗ್ ಏಜೆಂಟರ ಖಾತೆಯಲ್ಲಿದೆ, ಬದಲಾವಣೆ ಅವರೇ ಮಾಡಬೇಕು ಎಂಬ ಉತ್ತರ ಬಂತು. ಕಂಪನಿಯ ದೃಷ್ಟಿಯಲ್ಲಿ ಅದು ಸರಿಯೇ. ಅವರಿಗೆ ಗಿರಾಕಿ ನಾವಲ್ಲ, ಏಜೆಂಟರು. ಅಂಗಡಿಗೆ ಹೋದರೆ ಹಡಗಿನ ದರದ ವ್ಯತ್ಯಾಸ ಬೇರೆ, ವಿಮಾನದ ಬದಲಾವಣೆ ಬೇರೆ, ತಮ್ಮ ‘ಪ್ರೊಸೆಸಿಂಗ್’ ಎಂದು ತಲೆಗೆ 3,000 ಬೇರೆ ಕೇಳಿದರು. ಆ 12,000 ನಾನು ಮೇಲೆ ಹೇಳಿದ ಮೊತ್ತದ ಹೊರಗಿನದು. ಯಾವ ನಿಯಮದಲ್ಲಿದೆ ಎಂದರೆ ಕೊಟೇಶನ್ನಿನ ಹಿಂಬದಿಯ ಸಣ್ಣ ಅಕ್ಷರ ತೋರಿಸಿದರು. ಹಡಗು ಕಂಪನಿಗೆ ಒಂದು ರದ್ದತಿ ನಿಯಮ, ಅದರ ಮೇಲೆ ಏಜೆಂಟರದು ಇನ್ನೊಂದು. ಪ್ಯಾಕೇಜು ಕೊಂಡವರು ಎರಡಕ್ಕೂ ತಲೆ ಕೊಡಬೇಕು.

ಇಂಥ ಹೊತ್ತಿನಲ್ಲಿ ಜಗಳಕ್ಕಿಂತ ಕಾಗದ ಉಪಯೋಗಕ್ಕೆ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ನಮ್ಮ ಧಾರವಾಡದಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಆಯೋಗದ ಮುಂದೆ ಇಡಲು ರಸೀತಿ ಬೇಕು, ಬ್ಯಾಂಕಿನಿಂದ ಹಣ ಹೋದ ಗುರುತು ಬೇಕು. ಅರ್ಧ ನಗದು, ಅರ್ಧ ಫೋನ್‌ಪೇ ಮಾಡಿ, ರಸೀತಿ ನಂತರ ತಗೊಳ್ಳೋಣ ಅಂದವರಿಗೆ ಅಲ್ಲಿ ಹೇಳಿಕೊಳ್ಳಲು ಏನು ಉಳಿಯುತ್ತದೆ?

ಏಜೆಂಟರು ಹೇಳಬೇಕಾಗಿದ್ದ ಒಂದು ಮಾತೂ ಇತ್ತು. ಗೋವಾ ನಮಗೆ ರಸ್ತೆಯಲ್ಲಿ ಐದಾರು ತಾಸಿನ ದಾರಿ. ಐನೂರು ಕಿಲೋಮೀಟರಿಗೂ ದೂರದ ಮುಂಬೈಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಹಡಗು ಹತ್ತಿ, ನಮ್ಮ ಪಕ್ಕದ ಗೋವಾ ನೋಡಿ, ಮತ್ತೆ ಮುಂಬೈಗೆ ಬಂದು ವಿಮಾನ ಹತ್ತಿದೆವು. ಕೆಲವು ದಿನಾಂಕಗಳಿಗೆ ಮುಂಬೈಯಿಂದ ಗೋವಾಕ್ಕೆ ಒಂದೇ ದಿಕ್ಕಿನ ಟಿಕೆಟ್ಟೂ ಸಿಗುತ್ತದೆ. ರಾತ್ರಿ ರೈಲಿಗೆ ಮುಂಬೈಗೆ ಹೋಗಿ, ಒಂದು ರಾತ್ರಿ ಹಡಗಿನಲ್ಲಿ ಕಳೆದು, ಗೋವಾದಲ್ಲಿ ಇಳಿದು ಕಾರಿನಲ್ಲಿ ಸುಳ್ಳಕ್ಕೆ ಬಂದಿದ್ದರೆ ಕಾಕುವಿನ ಆಸೆ ಅರ್ಧಕ್ಕಿಂತ ಕಡಿಮೆ ಹಣದಲ್ಲಿ ತೀರುತ್ತಿತ್ತು. ಊರಿನ ದಾರಿ ಬಲ್ಲವರಿಗೆ ಹೊಳೆಯಬೇಕಾದ ಯೋಚನೆ ಇದು.

ಇನ್ನೊಂದು ಸಣ್ಣದು, ಆದರೆ ನನಗೆ ಬಹಳ ನೋವಾದದ್ದು. ಕಾಕು ಎರಡು ದಿನ ಕೂತು ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬಿಳಿ ಪಂಚೆಯಲ್ಲಿ ಕಟ್ಟಿ ತಂದಿದ್ದರು. ಮನೆಯ ಅಡುಗೆ ಹಡಗಿನೊಳಗೆ ಬಿಡುವುದಿಲ್ಲ. ಬಂದರಿನ ತಪಾಸಣೆಯಲ್ಲಿ ಗಂಟನ್ನು ಪಕ್ಕಕ್ಕೆ ಇಡಿಸಿದರು. ಕಾಕು ಗಂಟು ಬಿಚ್ಚಿ, ಅಲ್ಲಿದ್ದ ಕೂಲಿಯವನ ಕೈಗೆ ರೊಟ್ಟಿ ಕೊಟ್ಟು, ಪಂಚೆ ಮಡಚಿಕೊಂಡು ಬಂದರು. ಈ ನಿಯಮವನ್ನು ಮೊದಲೇ ಒಂದು ಮಾತು ಹೇಳುವುದೇ ಏಜೆಂಟರ ಕೆಲಸ. ತಲೆಗೆ 12,730 ತೆಗೆದುಕೊಂಡವರು ಅಷ್ಟೂ ಹೇಳಲಿಲ್ಲ.

ಹಾಗೆಂದು ಏಜೆಂಟರೇ ಬೇಡವೆಂದು ನಾನು ಹೇಳುವುದಿಲ್ಲ. ಇಪ್ಪತ್ತು ಮೂವತ್ತು ಜನ ಕೂಡಿ ಹೋಗುವಾಗ, ಗಾಲಿಕುರ್ಚಿ ಬೇಕಾದ ಹಿರಿಯರಿದ್ದಾಗ, ವಿದೇಶದ ಬಂದರಿನಿಂದ ಹೊರಡುವ ಹಡಗಿಗೆ ವೀಸಾ, ವಿಮಾನ ಎಲ್ಲಾ ಹೊಂದಿಸಬೇಕಾದಾಗ ಅನುಭವಸ್ಥ ಏಜೆಂಟರು ಬೇಕೇ ಬೇಕು. ಯಾವ ಡೆಕ್ಕಿನ ಯಾವ ಭಾಗದಲ್ಲಿ ತೊಯ್ದಾಟ ಕಡಿಮೆ, ಯಾವ ಕ್ಯಾಬಿನ್ನಿನ ಮೇಲೆ ರಾತ್ರಿಯಿಡೀ ಡಿಜೆ ಬಡಿಯುತ್ತದೆ ಎಂಬುದು ಅವರಿಗೇ ಗೊತ್ತು. ವಿದೇಶದ ಪ್ಯಾಕೇಜಿಗೆ 2020ರ ಅಕ್ಟೋಬರಿನಿಂದ ಟಿಸಿಎಸ್, ಅಂದರೆ ಮಾರುವವರೇ ಮೊದಲು ವಸೂಲು ಮಾಡುವ ಆದಾಯ ತೆರಿಗೆ, ಇದೆ. ಅದು ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ಅಷ್ಟು ದಿನ ಹಣ ಸಿಕ್ಕಿಕೊಂಡಿರುತ್ತದೆಂದು ಮಾತ್ರ ತಿಳಿದಿರಿ.

ಒಂದನ್ನು ಮಾತ್ರ ಮುಟ್ಟಬೇಡಿ. ಊರಿಗೆ ಬಂದ ವಾರದಲ್ಲೇ ಅದೇ ಅಂಗಡಿಯಿಂದ ಕಾಕಾನಿಗೆ ಫೋನ್ ಬಂತು. ತಿಂಗಳಿಗೆ 5,000ದಂತೆ 24 ತಿಂಗಳು ಕಟ್ಟಿದರೆ ಮುಂದಿನ ಯಾನದಲ್ಲಿ ‘ವಿಶೇಷ ರಿಯಾಯಿತಿ’ಯಂತೆ. ಯಾವ ಹಡಗು? ಆಮೇಲೆ ಹೇಳುತ್ತಾರೆ. ಯಾವ ದರದ ಮೇಲೆ ರಿಯಾಯಿತಿ? ಅಂದಿನ ದರದ ಮೇಲೆ. ಹೋಗದಿದ್ದರೆ? ಹಣ ವಾಪಸ್ಸಿಲ್ಲ, ಬೇರೆ ಟೂರಿಗೆ ಹೊಂದಿಸುತ್ತಾರೆ. ಇದು ಉಳಿತಾಯವಲ್ಲ. ಎರಡು ವರ್ಷ ಬಡ್ಡಿಯಿಲ್ಲದೆ ಅಂಗಡಿಗೆ ಕೊಡುವ ಕೈಗಡ. ಅದೇ 5,000ವನ್ನು ಬ್ಯಾಂಕಿನ ಆರ್‌ಡಿಯಲ್ಲಿ ಶೇ 6.5ಕ್ಕೆ ಇಟ್ಟರೆ ಎರಡು ವರ್ಷದಲ್ಲಿ 1,20,000ದ ಮೇಲೆ ಎಂಟು ಸಾವಿರದಷ್ಟು ಬಡ್ಡಿ ಬರುತ್ತದೆ. ಐದು ಲಕ್ಷದವರೆಗೆ ಠೇವಣಿ ವಿಮೆಯೂ ಇದೆ. ಟ್ರಾವೆಲ್ ಅಂಗಡಿ ಬಾಗಿಲು ಮುಚ್ಚಿದರೆ ಯಾವ ವಿಮೆ ಬರುತ್ತದೆ? ಲಕ್ಕಿ ಡ್ರಾದಲ್ಲಿ ನಿಮ್ಮ ಹೆಸರು ಬಂದಿದೆ, ದಂಪತಿ ಸಮೇತ ಬನ್ನಿ ಎಂದು ಹೋಟೆಲಿಗೆ ಕರೆದು ಹಾಲಿಡೇ ಮೆಂಬರ್‌ಶಿಪ್ ಮಾರುವವರದೂ ಇದೇ ಜಾತಿಯ ವ್ಯಾಪಾರ. ಅದರಲ್ಲಿ ಒಳ್ಳೆಯದು, ಕೆಟ್ಟದ್ದು ಎಂದು ಆರಿಸಲು ಕೂರಬೇಡಿ. ಎದ್ದು ಬನ್ನಿ.

ನಮ್ಮ ಭಾಗದಲ್ಲಿ ಹಣ ಹೆಚ್ಚು ಸೋರುವುದು ದುಂದಿನಿಂದ ಅಲ್ಲ, ಸಂಕೋಚದಿಂದ. ಪರಿಚಯದವರ ಹತ್ತಿರ ಬಿಲ್ಲು ಕೇಳುವುದು ಅವಮಾನ, ಇನ್ನೊಂದು ಅಂಗಡಿಯಲ್ಲಿ ವಿಚಾರಿಸುವುದು ಅಪನಂಬಿಕೆ ಎಂದು ತಿಳಿದಿದ್ದೇವೆ. ನಿಜವಾದ ಪರಿಚಯಸ್ಥರು ಕೇಳುವ ಮೊದಲೇ ಲೆಕ್ಕ ಕೊಡುತ್ತಾರೆ. ಮಕ್ಕಳ ಫೀ, ಟ್ರ್ಯಾಕ್ಟರ್ ಸಾಲ, ಆಸ್ಪತ್ರೆಯ ಬಿಲ್ಲು, ಎಲ್ಲೆಡೆ ಇದೇ ಅಭ್ಯಾಸ ನಮ್ಮನ್ನು ಕಾಡುತ್ತದೆ. ಲೆಕ್ಕ ಕೇಳಿ ಸ್ನೇಹ ಕೆಟ್ಟದ್ದನ್ನು ನಾನು ನೋಡಿಲ್ಲ. ಕೇಳದೆ ಮನಸ್ಸಿನಲ್ಲೇ ಕುದಿದು ಕೆಟ್ಟದ್ದನ್ನು ಮನೆಮನೆಯಲ್ಲಿ ನೋಡಿದ್ದೇನೆ.

ಕಾಕು ಈಗ ಕಾಶಿಯ ಮಾತೆತ್ತಿದ್ದಾರೆ. 2022ರ ನವೆಂಬರಿನಲ್ಲಿ ಭಾರತ್ ಗೌರವ್ ಕಾಶಿ ದರ್ಶನ ರೈಲು ಶುರುವಾದಾಗ ಒಟ್ಟು ವೆಚ್ಚ 20,000, ಅದರಲ್ಲಿ ಕರ್ನಾಟಕ ಸರ್ಕಾರ ಕೊಡುವುದು 5,000, ಯಾತ್ರಿಕರು ಕೊಡುವುದು 15,000 ಎಂದು ಮೊದಲೇ ಬಿಡಿಸಿ ಹೇಳಿದ್ದರು. ಅಷ್ಟು ಸ್ಪಷ್ಟತೆಯನ್ನು ಯಾವ ಅಂಗಡಿಯಿಂದಲೂ ಕೇಳುವ ಹಕ್ಕು ನಮಗಿದೆ. ರೈಲಿರಲಿ, ಹಡಗಿರಲಿ, ಅಡ್ವಾನ್ಸ್ ಕೊಡುವ ಮೊದಲು ಮೂರು ಮಾತು ಕೇಳಿ: ಬುಕಿಂಗ್ ಯಾರ ಹೆಸರಲ್ಲಿ, ಹಣ ಯಾರ ಖಾತೆಗೆ, ರದ್ದಾದರೆ ಯಾರ ನಿಯಮ? ಉತ್ತರವನ್ನು ವಾಟ್ಸ್ಆ್ಯಪಿನಲ್ಲಾದರೂ ಸರಿ, ಬರಹದಲ್ಲಿ ತೆಗೆದುಕೊಳ್ಳಿ. ಬರೆದು ಕೊಡಲು ಹಿಂಜರಿಯುವವರಿಗೆ ಹಣ ಕೊಡಲು ನೀವೂ ಹಿಂಜರಿಯಿರಿ.