ಬೆದರುವ ಕುದುರೆಗೊಂದು ಇಂಗ್ಲಿಷ್ ಪದ

ವಿಜಯಪುರದಲ್ಲಿ ಟಾಂಗಾ ಹತ್ತಿದವರು ಕುದುರೆಯ ಕಣ್ಣಿನ ಪಕ್ಕದ ಪಟ್ಟಿಗಳನ್ನು ನೋಡಿರುತ್ತಾರೆ. ಕಣ್ಣುಗಳು ತಲೆಯ ಇಕ್ಕೆಲದಲ್ಲಿರುವುದರಿಂದ ಅದಕ್ಕೆ ಹಿಂದಿನಿಂದ ಬರುವುದೂ ಬಹುಪಾಲು ಕಾಣುತ್ತದೆ; ಪಟ್ಟಿ ಅದನ್ನು ಮರೆಮಾಡುತ್ತದೆ. ಆದರೆ ಕಿವಿಗೆ ಪಟ್ಟಿಯಿಲ್ಲವಲ್ಲ! ಅಥಣಿ ರಸ್ತೆಯಲ್ಲಿ ತಿಕೋಟಾ ಕಡೆಯ ಲಾರಿಯೊಂದು ಹಾರ್ನ್ ಹೊಡೆದರೆ ಸಾಕು, ಬೆದರುವ ಕುದುರೆ ಥಟ್ಟನೆ ಪಕ್ಕಕ್ಕೆ ಜಿಗಿಯುತ್ತದೆ.

ಇಂಗ್ಲಿಷಿನ ‘ಸ್ಕಿಟಿಶ್’ ಅಂದರೆ ಇದೇ.

ಬರೀ ‘ಅಂಜುಬುರುಕ’ ಎಂದರೆ ಅರ್ಥ ಸಾಲದು. ಅಂಜುಬುರುಕ ಮೂಲೆ ಸೇರುತ್ತಾನೆ, ಸ್ಕಿಟಿಶ್ ಆದದ್ದು ಜಿಗಿಯುತ್ತದೆ. ಗಾಳಿಸುದ್ದಿಗೇ ಷೇರು ಮಾರಿ ಓಡುವ ಹೂಡಿಕೆದಾರರಿಗೂ, ಗಳಿಗೆಗೊಂದು ಮನಸ್ಸಿನವರಿಗೂ ಈ ಪದ ಒಪ್ಪುತ್ತದೆ. ಪರೀಕ್ಷೆಗೆ ಮೊದಲು ಎದೆ ಢವಢವ ಎನ್ನುವ ಹುಡುಗನಿಗೆ ಮಾತ್ರ ಇದನ್ನು ಅಂಟಿಸಬೇಡಿ. ಅವನಿಗೆ ‘ನರ್ವಸ್’ ಸಾಕು.