ಕಾಲಿಗೆ ಮುಳ್ಳು ನೆಟ್ಟಾಗ ದೇಹ ಮಾಡುವ ಕೆಲಸ

ಶಹಾಬಜಾರದಿಂದ ಕಮಲಾಪುರದ ಕಡೆಗೆ ಹೊರಟರೆ ಊರು ದಾಟುತ್ತಲೇ ತೊಗರಿಯ ಹೊಲಗಳು ಎದುರಾಗುತ್ತವೆ. ಕೊಯ್ಲಿನ ದಿನಗಳಲ್ಲಿ ಬರಿಗಾಲಲ್ಲಿ ಹೊಲಕ್ಕಿಳಿದವರಿಗೆ ತೊಗರಿಯ ಕೂಳೆಯೋ ಜಾಲಿಯ ಮುಳ್ಳೋ ನೆಡುವುದು ಹೊಸತಲ್ಲ. ಮುಳ್ಳನ್ನು ಕಿತ್ತೆಸೆದು ನಾವು ಕೆಲಸಕ್ಕೆ ಮರಳುತ್ತೇವೆ. ಸಂಜೆಯ ವೇಳೆಗೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾತುಕೊಂಡು ನೋಯತೊಡಗುತ್ತದೆ. ಇದನ್ನು ನಾವು ರೋಗವೆಂದು ಬಗೆಯುತ್ತೇವೆ. ವಾಸ್ತವವಾಗಿ ಅದು ದೇಹವು ತನ್ನನ್ನು ತಾನು ಕಾಯ್ದುಕೊಳ್ಳುವ ಕಾರ್ಯದ ಆರಂಭ.

ಮುಳ್ಳಿನೊಡನೆ ಮಣ್ಣಿನ ರೋಗಾಣುಗಳೂ ಒಳಸೇರುತ್ತವೆ. ಅವುಗಳ ಹೊರಕವಚದಲ್ಲಿ ನಮ್ಮ ಜೀವಕೋಶಗಳಲ್ಲಿ ಇಲ್ಲದ ಕೆಲವು ವಸ್ತುಗಳಿರುತ್ತವೆ. ಚರ್ಮದಡಿ ಕಾವಲಿರುವ ಕೋಶಗಳು ಆ ಗುರುತನ್ನು ಹಿಡಿದು, ಬಂದವರು ಪರಕೀಯರೆಂದು ಅರಿಯುತ್ತವೆ. ಒಡನೆಯೇ ರಾಸಾಯನಿಕ ಸಂದೇಶಗಳು ಹೊರಡುತ್ತವೆ, ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ಗಾಯದತ್ತ ಧಾವಿಸಿ ರೋಗಾಣುಗಳನ್ನು ನುಂಗುತ್ತವೆ. ಹೋರಾಡಿ ಮಡಿದ ಈ ಕಣಗಳೇ ಕೀವಿನ ಬಹುಭಾಗ.

ಈ ನುಂಗುವ ಕ್ರಿಯೆಯ ಮಹತ್ವ ತಿಳಿದದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸಿನಾ ನಗರದಲ್ಲಿ ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿದರು. ಮರುದಿನ ನೋಡಿದಾಗ ಕೋಶಗಳು ಆ ಮುಳ್ಳನ್ನು ಸುತ್ತುವರಿದಿದ್ದವು. ಈ ಸಂಶೋಧನೆಗಾಗಿ 1908ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು.

ಮೊದಲ ಕಾವಲು ಸಾಲದಾದಾಗ ಎರಡನೆಯದು ಎಚ್ಚರಗೊಳ್ಳುತ್ತದೆ. ಕೆಲವು ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು ಸಮೀಪದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಕಾಲಿನ ಗಾಯಕ್ಕೆ ತೊಡೆಯ ಸಂದಿನಲ್ಲಿ ಗಂಟು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಅಲ್ಲಿ ಟಿ-ಕೋಶ ಹಾಗೂ ಬಿ-ಕೋಶಗಳೆಂಬ ಅಸಂಖ್ಯ ಕಣಗಳಿರುತ್ತವೆ. ಒಂದೊಂದೂ ಒಂದೊಂದು ಬಗೆಯ ಗುರುತನ್ನು ಮಾತ್ರ ಬಲ್ಲದು. ತಂದ ತುಣುಕಿಗೆ ಹೊಂದುವ ಕೋಶವು ತನ್ನಂಥವನ್ನೇ ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿಸುತ್ತದೆ. ಬಿ-ಕೋಶಗಳಿಂದ ಪ್ರತಿಕಾಯಗಳು ಸಿದ್ಧವಾಗುತ್ತವೆ. ಇದಕ್ಕೆ ಕೆಲವು ದಿನಗಳೇ ಬೇಕು.

ಪರರನ್ನು ಗುರುತಿಸುವಷ್ಟೇ ಮುಖ್ಯವಾದುದು ತನ್ನವರನ್ನು ಉಳಿಸುವುದು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಟಿ-ಕೋಶಗಳಿಗೆ ಪರೀಕ್ಷೆ ನಡೆಯುತ್ತದೆ. ಸ್ವಂತ ದೇಹದ ಮೇಲೆಯೇ ಎರಗಬಲ್ಲವು ಬಹುತೇಕ ಅಲ್ಲಿಯೇ ನಾಶವಾಗುತ್ತವೆ. ಈ ವ್ಯವಸ್ಥೆ ತಪ್ಪಿದಾಗ ಸಂಧಿವಾತದ ಕೆಲವು ಬಗೆಗಳು, ಮಕ್ಕಳಲ್ಲಿ ಕಾಣುವ ಒಂದು ಬಗೆಯ ಮಧುಮೇಹ ಮುಂತಾದವು ತಲೆದೋರುತ್ತವೆ.

ಹೋರಾಟ ಮುಗಿದ ಮೇಲೆ ಕೆಲವು ಕೋಶಗಳು ನೆನಪಾಗಿ ಉಳಿಯುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಉತ್ತರ ತ್ವರಿತವಾಗಿರುತ್ತದೆ. ಆ ನೆನಪು ಇಲ್ಲದಿದ್ದರೆ ಏನಾಗುವುದೆಂಬುದನ್ನು ನಾವು ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿಯೇ. ಆ ವೈರಾಣು ಯಾರ ದೇಹಕ್ಕೂ ಪರಿಚಿತವಾಗಿರಲಿಲ್ಲ.

ಮುಳ್ಳಿನ ಗಾಯದಲ್ಲಿ ಮಾತ್ರ ಒಂದು ಅಪಾಯವನ್ನು ನಾವು ವಿಶೇಷವಾಗಿ ಅರಿತಿರಬೇಕು, ಅದು ಧನುರ್ವಾಯು. ಇದರ ರೋಗಾಣು ಮಣ್ಣಿನಲ್ಲಿಯೂ ದನಕರುಗಳ ಸಗಣಿಯಲ್ಲಿಯೂ ಇರುತ್ತದೆ. ಗಾಳಿಯಾಡದ ಆಳವಾದ ಗಾಯದಲ್ಲಿ ಬೆಳೆದು ವಿಷವನ್ನು ಸೂಸುತ್ತದೆ. ದವಡೆ ಬಿಗಿಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಅತ್ಯಲ್ಪ ಪ್ರಮಾಣದ ಈ ವಿಷವು ಪ್ರಾಣವನ್ನು ತೆಗೆಯಬಲ್ಲದು. ಆದರೆ ದೇಹಕ್ಕೆ ಅದನ್ನು ಗುರುತಿಸಿ ನೆನಪಿಡಲು ಅಷ್ಟು ಸಾಲದು. ಆದ್ದರಿಂದ ಧನುರ್ವಾಯುವಿನಿಂದ ಬದುಕುಳಿದವರೂ ಲಸಿಕೆಯನ್ನು ಪಡೆಯಲೇಬೇಕು. ಲಸಿಕೆಯಲ್ಲಿರುವುದು ಅದೇ ವಿಷ. ಕೇಡನ್ನು ಕಳೆದು, ಗುರುತನ್ನು ಉಳಿಸಿಕೊಂಡದ್ದು. ದೇಹವು ನೋವಿಲ್ಲದೆ ಪಾಠ ಕಲಿಯುತ್ತದೆ.

ಈ ನೆನಪು ಕಾಲಕ್ರಮದಲ್ಲಿ ಮಸುಕಾಗುವುದರಿಂದ ಮರುಪಾಠವೂ ಅಗತ್ಯ. ಮಗುವಿಗೆ 6, 10, 14ನೆಯ ವಾರಗಳಲ್ಲಿ, ಬಳಿಕ 16ರಿಂದ 24 ತಿಂಗಳೊಳಗೆ, 5ರಿಂದ 6 ವರ್ಷದೊಳಗೆ, ಮುಂದೆ 10 ಹಾಗೂ 16ನೆಯ ವಯಸ್ಸಿನಲ್ಲಿ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಲಸಿಕೆ ಉಚಿತವಾಗಿ ದೊರೆಯುತ್ತದೆ. ಗರ್ಭಿಣಿಯರಿಗೂ ಕೊಡಲಾಗುತ್ತದೆ. ಇದರ ಫಲವಾಗಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯ ಗುರಿಯನ್ನು ಭಾರತವು 2015ರಲ್ಲಿ ಮುಟ್ಟಿತು. ಆದರೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಆರಂಭವಾದದ್ದೇ 1978ರಲ್ಲಿ. ಅದಕ್ಕೂ ಮೊದಲು ಹುಟ್ಟಿ ಇಂದಿಗೂ ಹೊಲದಲ್ಲಿ ದುಡಿಯುತ್ತಿರುವ ಅನೇಕ ಹಿರಿಯರಿಗೆ ಬಾಲ್ಯದ ಲಸಿಕೆ ದೊರೆತಿಲ್ಲ.

ಆದಕಾರಣ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಗಾಯವಾದರೆ ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಮಣ್ಣು, ಸಗಣಿ, ಸುಣ್ಣ ಹಚ್ಚಬೇಡಿ. ಗಾಯ ಆಳವಾಗಿದ್ದರೆ ಅಥವಾ ಹೊಲಸಾಗಿದ್ದರೆ ಅಂದೇ ವೈದ್ಯರ ಬಳಿಗೆ ಹೋಗಿ, ಕೊನೆಯ ಬಾರಿ ಲಸಿಕೆ ಪಡೆದದ್ದು ಯಾವಾಗ ಎಂಬುದನ್ನು ತಿಳಿಸಿ. ಎಂದೂ ಪಡೆಯದವರಿಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕಾಗಬಹುದು. ಮನೆಯ ಮಕ್ಕಳ ಲಸಿಕೆಯ ಕಾರ್ಡನ್ನು ಜೋಪಾನವಾಗಿಡುವ ನಾವು, ಮನೆಯ ಹಿರಿಯರನ್ನೂ ಈ ಕುರಿತು ಒಮ್ಮೆ ವಿಚಾರಿಸೋಣ.